ಕ್ವಿಂಟಾಲ್ ಲೆಕ್ಕ ಬಿಟ್ಟೆ, ಬಳ್ಳಿ ಲೆಕ್ಕ ಹಿಡಿದೆ

2019ರ ಯುಗಾದಿ ದಿನ ಅಡುಗೆಮನೆ ಕ್ಯಾಲೆಂಡರಿನ ಹಿಂಬದಿಗೆ ಪೆನ್ಸಿಲ್‌ನಲ್ಲಿ ಒಂದು ಸಾಲು ಬರೆದಿದ್ದೆ. ‘ಐದು ವರ್ಷದಲ್ಲಿ ಐದು ಕ್ವಿಂಟಾಲ್ ಕಾಳುಮೆಣಸು.’ ಯಾರಿಗೂ ಹೇಳಿರಲಿಲ್ಲ. ಬರೆದ ದಿನ ಎಷ್ಟು ಖುಷಿಯಾಗಿತ್ತು ಅಂದರೆ, ಸಂಜೆ ಒಬ್ಬಳೇ ತೋಟಕ್ಕೆ ಹೋಗಿ ಒಂದು ಸುತ್ತು ಹಾಕಿ ಬಂದಿದ್ದೆ.

ನಮ್ಮ ಊರು ಶಿರಸಿಯಿಂದ ಕುಮಟಾಕ್ಕೆ ಹೋಗುವ ದಾರಿಯಲ್ಲಿ, ದೇವಿಮನೆ ಘಟ್ಟ ಇಳಿಯುವ ಮೊದಲೇ ಸಿಗುತ್ತದೆ. ಒಂದು ಎಕರೆ ತೋಟ, ಸುಮಾರು ಐನೂರು ಅಡಿಕೆ ಮರ. ಅಡಿಕೆಯ ವ್ಯವಹಾರ ಪೂರ್ತಿ ಯಜಮಾನರದ್ದು. ಮೆಣಸು ನನ್ನದಾಗಲಿ ಅಂತ ನಾನೇ ಕೇಳಿ ತಗೊಂಡಿದ್ದು. ಒಣಗಿಸಿ ಚೀಲ ಕಟ್ಟಿಟ್ಟರೆ ಮೆಣಸು ವರ್ಷಗಟ್ಟಲೆ ಕೆಡುವುದಿಲ್ಲ. ದುಡ್ಡು ಬೇಕಾದಾಗ ಮಾರಬಹುದು. ನನ್ನ ಹೆಸರಿನ ಪಾಸ್‌ಬುಕ್ಕಿನಲ್ಲಿ ನಾನು ದುಡಿದ ಹಣ ಇರಬೇಕು ಅನ್ನುವುದು ನನ್ನ ಆಸೆಯಾಗಿತ್ತು. ಈಗಲೂ ಅದೇ ಆಸೆ.

ಆದರೆ ಆ ಐದು ಕ್ವಿಂಟಾಲ್ ನನ್ನ ಲೆಕ್ಕ ಆಗಿರಲಿಲ್ಲ. ಒಂದು ಮದುವೆ ಮನೆಯಲ್ಲಿ ನೆಂಟರೊಬ್ಬರು ತಮ್ಮ ತೋಟದ ಬಗ್ಗೆ ಹೇಳುತ್ತಿದ್ದರು. ಅದನ್ನು ಕೇಳಿ ತಲೆಯಲ್ಲಿಟ್ಟುಕೊಂಡು ಬಂದ ಅಂಕಿ ಅದು. ಅವರದ್ದು ನಾಲ್ಕು ಎಕರೆ.

ಆಗ ನನ್ನ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿಸಿದ 160 ಮೆಣಸಿನ ಬಳ್ಳಿ ಇದ್ದವು. ಆ ವರ್ಷ ಆಗಸ್ಟ್‌ನಲ್ಲಿ ಮಳೆ ಹೇಗೆ ಹೊಡೆಯಿತು ಅಂತ ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಬೇರೆ ಹೇಳಬೇಕಿಲ್ಲ. ತೋಟದ ಕೆಳಗಿನ ಬಸಿಗಾಲುವೆಗೆ ಅಡಿಕೆ ಸೋಗೆ, ದರಕು (ಒಣ ಎಲೆ) ಬಿದ್ದು ಕಟ್ಟಿಕೊಂಡಿತ್ತು. ನೀರು ಬುಡದಲ್ಲೇ ನಿಂತಿತು. ಸೊರಗು ರೋಗ ಬರಲು ಅಷ್ಟು ಸಾಕು. ಮೊದಲು ಎಲೆಯ ಮೇಲೆ ಕಪ್ಪು ಚುಕ್ಕೆ. ಆಮೇಲೆ ಎಲೆ ಉದುರುತ್ತದೆ. ಕೊನೆಗೆ ಬಳ್ಳಿ ಗೆಣ್ಣು ಗೆಣ್ಣಿಗೇ ಕಳಚಿ ನೆಲಕ್ಕೆ ಬೀಳುತ್ತದೆ. ಒಂದು ಬಳ್ಳಿಯನ್ನು ಹಾಗೇ ಮುಟ್ಟಿದ್ದೆ, ಒಂದು ಮಾರು ಉದ್ದದ್ದು ಕೈಗೇ ಬಂತು. ದಸರಾ ಹೊತ್ತಿಗೆ ಎಣಿಸಿದರೆ ಉಳಿದಿದ್ದು 46.

ಆಮೇಲೆ ಐದು ತಿಂಗಳು ನಾನು ಆ ಕಡೆಗೆ ಹೋಗಲೇ ಇಲ್ಲ. ನನಗೆ ಮುಖ್ಯ ಅನ್ನಿಸುವ ಸಂಗತಿ ಇದೇ. ರೋಗ ಬಂದಿದ್ದು ಬಳ್ಳಿಗೆ, ಬಿಟ್ಟುಬಿಟ್ಟಿದ್ದು ನಾನು. ಉಳಿದ 46 ಬಳ್ಳಿಗಳೂ ನನ್ನ ಕಣ್ಣಿಗೆ ಕಾಣಲಿಲ್ಲ. ಕಾಣುತ್ತಿದ್ದುದು ಕ್ಯಾಲೆಂಡರ್ ಹಿಂದಿನ ಆ ಐದು ಕ್ವಿಂಟಾಲ್ ಮಾತ್ರ. ಅದಂತೂ ಇನ್ನು ಆಗುವುದಿಲ್ಲ, ಮತ್ತೆ ಯಾಕೆ ಮಾಡುವುದು ಅನ್ನಿಸಿತ್ತು.

2020ರ ಮಾರ್ಚ್‌ನಲ್ಲಿ ಶಿರಸಿಯ ಮಾರಿಕಾಂಬೆ ಜಾತ್ರೆ ಮುಗಿದು ಕೆಲವೇ ದಿನಕ್ಕೆ ಲಾಕ್‌ಡೌನ್ ಬಂತು. ಧಾರವಾಡದಲ್ಲಿ ಮನಶ್ಶಾಸ್ತ್ರ ಓದುತ್ತಿದ್ದ ಮಗಳು ಮನೆಗೆ ಬಂದಳು. ಒಂದು ಸಂಜೆ ಅತ್ತೆ, ನಾನು, ಮಗಳು ಜಗಲಿಯಲ್ಲಿ ಕೂತಿದ್ದೆವು. ನಾನು ಮಳೆಯನ್ನು ಬೈಯುತ್ತಿದ್ದೆ. ಅತ್ತೆ ಅಡಿಕೆ ಸುಲಿಯುತ್ತಲೇ, ‘ಮಳೆ ಎಂತಕ್ಕೆ ನಿನ್ನ ಮಾತು ಕೇಳ್ತು ಮಾರಾಯ್ತಿ? ಕಾಲುವೆ ಬಿಡಿಸೋದು ನಮ್ಮ ಕೈಲಿತ್ತಲ್ಲ’ ಅಂದರು. ನನಗೆ ಸಿಟ್ಟು ಬಂತು. ರಾತ್ರಿ ನಿದ್ದೆ ಬರಲಿಲ್ಲ. ಆದರೆ ಅವರು ಹೇಳಿದ್ದು ಸರಿಯಾಗಿತ್ತು. ಐದು ಕ್ವಿಂಟಾಲ್ ಎಂಬುದರಲ್ಲಿ ಮಳೆಯ ಪಾಲಿತ್ತು, ರೋಗದ ಪಾಲಿತ್ತು, ಮಂಗನ ಪಾಲೂ ಇತ್ತು. ನನ್ನ ಪಾಲು ಯಾವುದು ಅಂತ ನಾನು ಬರೆದೇ ಇರಲಿಲ್ಲ.

ಮರುದಿನ ಹಳೆಯ ಶಾಲಾ ನೋಟ್‌ಬುಕ್ಕೊಂದನ್ನು ತೆಗೆದು ನನ್ನ ಪಾಲನ್ನು ಮಾತ್ರ ಬರೆದೆ. ಕಾಲುವೆ ಬಿಡಿಸುವುದು. ಬಳ್ಳಿಯ ಕೊಟ್ಟೆ, ಅಂದರೆ ಪ್ಲಾಸ್ಟಿಕ್ ಚೀಲದಲ್ಲಿ ಸಸಿ, ತಯಾರು ಮಾಡುವುದು. ನೆಡುವುದು, ಕಟ್ಟುವುದು. ಔಷಧಿ ಕಲಸುವುದು. ಕ್ವಿಂಟಾಲ್ ಅನ್ನುವ ಪದವನ್ನು ಆ ಪಟ್ಟಿಯಲ್ಲಿ ಎಲ್ಲೂ ಬರೆಯಲಿಲ್ಲ.

ಮಗಳು ಅದನ್ನು ನೋಡಿ, ‘ಆಯಿ, ಎಷ್ಟು, ಯಾವಾಗ ಅಂತ ಇಲ್ವಲ್ಲ’ ಅಂದಳು. ಎಡ್ವಿನ್ ಲಾಕ್, ಗ್ಯಾರಿ ಲೇಥಮ್ ಎಂಬಿಬ್ಬರು ಗುರಿಗಳ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರಂತೆ. ‘ಆದಷ್ಟು ಮಾಡು’ ಅಂದರೆ ಜನ ಕಡಿಮೆ ಮಾಡುತ್ತಾರೆ. ‘ಇಷ್ಟು ಮಾಡು’ ಅಂತ ಸ್ವಲ್ಪ ಕಷ್ಟದ, ಖಚಿತ ಲೆಕ್ಕ ಕೊಟ್ಟರೆ ಜಾಸ್ತಿ ಮಾಡುತ್ತಾರೆ ಅನ್ನುವುದು ಅವರು ಕಂಡುಕೊಂಡಿದ್ದು. ಇದು ನನಗೆ ಕೂಡಲೇ ಅರ್ಥವಾಯಿತು. ಕೆಲಸದವರಿಗೂ ನಾವು ‘ಆದಷ್ಟು ಕೊಯ್ಯಿರಿ’ ಅನ್ನುವುದಿಲ್ಲ ಅಲ್ವಾ?

ಸರಿ, ಲೆಕ್ಕ ಹಾಕಿದೆ. ಇಂಗ್ಲಿಷ್ ತಿಂಗಳು ಹಿಡಿಯಲಿಲ್ಲ, ಮಳೆ ನಕ್ಷತ್ರ ಹಿಡಿದೆ. ರೋಹಿಣಿ ಮಳೆ ಮುಗಿಯುವುದರೊಳಗೆ ಕಾಲುವೆ ಪೂರ್ತಿ ಸ್ವಚ್ಛ ಆಗಬೇಕು. ಮೃಗಶಿರ ಹುಟ್ಟುವಾಗ 60 ಕೊಟ್ಟೆ ಬಳ್ಳಿ ತಯಾರಿರಬೇಕು. ಆರಿದ್ರಾ ಮುಗಿಯುವಾಗ ಅರವತ್ತೂ ಮರದ ಬುಡದಲ್ಲಿರಬೇಕು. ನಮ್ಮಲ್ಲಿ ಜುಲೈ 5 ಅಂದರೆ ಯಾರಿಗೂ ಮೈಗೆ ತಾಗುವುದಿಲ್ಲ. ಆರಿದ್ರಾ ಹೊರಡುತ್ತಿದೆ ಅಂದರೆ ಕೈಕಾಲು ತನ್ನಿಂದ ತಾನೇ ಓಡುತ್ತದೆ.

ದಿನಕ್ಕೆ ಐದು ಬಳ್ಳಿ. ಕೊಟ್ಟಿಗೆ ಕೆಲಸ ಮುಗಿದು, ಹಾಲು ಒಳಗಿಟ್ಟ ಕೂಡಲೇ ಬುಟ್ಟಿ ಹಿಡಿದು ತೋಟಕ್ಕೆ. ಕಾಲು ತೊಳೆದು ಮನೆಯೊಳಗೆ ಹೋದರೆ ಮುಗಿಯಿತು, ಮತ್ತೆ ಹೊರಡಲು ಆಗುವುದಿಲ್ಲ. ಹಾಗಾಗಿ ಬುಟ್ಟಿ, ಕತ್ತಿ, ಪಟ್ಟಿ ಬಟ್ಟೆ ಎಲ್ಲವನ್ನೂ ರಾತ್ರಿಯೇ ಕೊಟ್ಟಿಗೆಯ ಬಾಗಿಲಲ್ಲಿ ಇಡುತ್ತಿದ್ದೆ. ಇದು ಚಿಕ್ಕ ವಿಷಯ ಅನ್ನಿಸಬಹುದು. ನನ್ನ ಮಟ್ಟಿಗೆ ಉಳಿದೆಲ್ಲ ಉಪಾಯಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಇದೇ.

ಪಟ್ಟಿ ಬಟ್ಟೆಯ ಬಗ್ಗೆ ಸ್ವಲ್ಪ ಹೇಳಬೇಕು. ನೆಟ್ಟ ಬಳ್ಳಿಯನ್ನು ಮರಕ್ಕೆ ಸಡಿಲವಾಗಿ ಕಟ್ಟಬೇಕು, ಗೆಣ್ಣು ಮರಕ್ಕೆ ತಾಗಿರಬೇಕು. ಆಗ ಬೇರು ಬಿಟ್ಟು ಅಂಟಿಕೊಳ್ಳುತ್ತದೆ. ಆ ವರ್ಷ ನನ್ನ ಹಳೆಯ ಕೆಂಪು ಸೀರೆಯನ್ನು ಎರಡು ಬೆರಳಗಲ ಹರಿದು ಕಟ್ಟಿದೆ. ಒಂದು ವಾರ ಕಳೆದ ಮೇಲೆ ಜಗಲಿಯಿಂದ ನೋಡಿದರೆ, ಹಸಿರು ತೋಟದ ನಡುವೆ ಸಾಲಾಗಿ ಕೆಂಪು ಪಟ್ಟಿ. ಎಣಿಸಿದರೆ ಮೂವತ್ತೈದು. ಪುಸ್ತಕದಲ್ಲಿ ಬರೆದುಕೊಂಡ ಲೆಕ್ಕಕ್ಕೆ ಈ ಶಕ್ತಿ ಇಲ್ಲ. ಚಹಾ ಕುಡಿಯುವಾಗಲೆಲ್ಲ ನನ್ನ ಕೆಲಸ ಕಣ್ಣೆದುರಿಗೇ ಇರುತ್ತಿತ್ತು. ಮರುವರ್ಷ ನೀಲಿ ಕಟ್ಟಿದೆ, ಅದರ ಮರುವರ್ಷ ಬಿಳಿ. ಯಾವ ಬಳ್ಳಿ ಯಾವ ವರ್ಷದ್ದು ಅಂತ ಈಗ ಬಣ್ಣ ನೋಡಿಯೇ ಹೇಳುತ್ತೇನೆ.

ನಡುವೆ ತಪ್ಪಿಯೂ ಹೋಯಿತು. ಅತ್ತೆಗೆ ಜ್ವರ ಬಂದು ಎಂಟು ದಿನ ತೋಟದ ಕಡೆ ಹೋಗಲಾಗಲಿಲ್ಲ. ಒಂಬತ್ತನೇ ದಿನ ಬಾಕಿಯನ್ನೆಲ್ಲ ಸೇರಿಸಿ ಒಂದೇ ಸಲ ಮುಗಿಸುತ್ತೇನೆ ಅಂತ ಹೊರಟೆ. ಹದಿನೆಂಟು ನೆಟ್ಟೆ. ಸೊಂಟ ಹಿಡಿದು ಮತ್ತೆ ಮೂರು ದಿನ ಮಲಗಿದೆ. ಅವಸರದಲ್ಲಿ ಕಟ್ಟಿದ್ದರಲ್ಲಿ ಏಳು ಬಳ್ಳಿ ಅಂಟಿಕೊಳ್ಳದೆ ಸತ್ತವು. ಅಂದಿನಿಂದ ಬಾಕಿ ಒಟ್ಟು ಹಾಕುವುದನ್ನು ಬಿಟ್ಟೆ. ತಪ್ಪಿದ ದಿನ ಹೋಯಿತು, ಇಂದು ಮತ್ತೆ ಐದೇ. ಮಗಳು ಇದಕ್ಕೂ ಒಂದು ಅಧ್ಯಯನ ಹೇಳಿದಳು. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಎಂಬವರು 96 ಜನರನ್ನು ಗಮನಿಸಿದ್ದರಂತೆ. ಹೊಸ ಕೆಲಸವೊಂದು ಅಭ್ಯಾಸವಾಗಿ ಕೂರಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನದವರೆಗೂ ಬೇಕಿತ್ತು. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಆಗಲಿಲ್ಲವಂತೆ. ನನಗಂತೂ ಆ ಮಳೆಗಾಲ ಪೂರ್ತಿ ಬೇಕಾಯಿತು. ಶ್ರಾವಣ ಕಳೆದ ಮೇಲೆ ಕಾಲು ತಾನಾಗಿ ಆ ಕಡೆ ಹೋಗತೊಡಗಿತು.

ಗುರಿ ಇಡುವಾಗ ಈಗ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಆಯಿತೋ ಇಲ್ಲವೋ ಅಂತ ಇವತ್ತು ಸಂಜೆಯೇ ಗೊತ್ತಾಗುತ್ತದೆಯೇ? ಸೊರಗು ರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ದು ಕಲಸಬೇಕು. ಆಮೇಲೆ ಮಸೆದ ಕತ್ತಿಯ ಅಲಗನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತೇನೆ. ಅಲಗು ಹಾಗೇ ಹೊಳೆದರೆ ಸರಿ. ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಹಾಗೇ ಹೊಡೆದರೆ ಎಲೆ ಸುಡುತ್ತದೆ. ಐದು ವರ್ಷ ಕಾಯಬೇಕಿಲ್ಲ, ಅಲ್ಲೇ ಉತ್ತರ. ‘ಐದು ಕ್ವಿಂಟಾಲ್’ಗೆ ಅದ್ದಿ ನೋಡಲು ಇಂಥ ಅಲಗು ಇರಲಿಲ್ಲ. ‘ಇವತ್ತು ಐದು ಬಳ್ಳಿ’ಗೆ ಇದೆ.

ಹುರುಪಿನ ಬಗ್ಗೆಯೂ ಒಂದು ಮಾತು. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿ 16ನೇ ಶತಮಾನದಲ್ಲಿ ಆಳಿದ್ದು ನಮ್ಮ ಘಟ್ಟದ ಕೆಳಗಿನ ಗೇರುಸೊಪ್ಪೆಯಲ್ಲಿ. ಆ ಕಥೆ ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಐದು ಕ್ವಿಂಟಾಲ್ ಬರೆದಿದ್ದು ಅದೇ ಹುರುಪಿನಲ್ಲಿ. ಅಂಥ ಕಥೆ ಈಗಲೂ ನನಗೆ ಬೇಕು, ಓದುತ್ತೇನೆ. ಆದರೆ ಮಳೆಗಾಲದ ಬೆಳಿಗ್ಗೆ ಉಂಬಳ (ಜಿಗಣೆ) ಹತ್ತುವ ತೋಟಕ್ಕೆ ನನ್ನನ್ನು ಇಳಿಸಿದ್ದು ಆ ಕಥೆಯಲ್ಲ, ಕೊಟ್ಟಿಗೆಯ ಬಾಗಿಲಲ್ಲಿಟ್ಟ ಬುಟ್ಟಿ.

ದೊಡ್ಡ ಲೆಕ್ಕ ಬೇಡವೇ ಬೇಡ ಅಂತಲ್ಲ. ಅದನ್ನು ಜಾತ್ರೆಯಿಂದ ಜಾತ್ರೆಗೆ ನೋಡುತ್ತೇನೆ. ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಬಳ್ಳಿ ನೆಟ್ಟರೆ ಮೂರನೇ ವರ್ಷಕ್ಕೆ ಫಲ ಶುರು. ಹಾಗಾಗಿ ಒಂದು ಜಾತ್ರೆಗೂ ಇನ್ನೊಂದಕ್ಕೂ ನಡುವೆ ಏನು ಬದಲಾಯಿತು ಅಂತ ನೋಡಿದರೆ ಲೆಕ್ಕ ಸಮ ಬರುತ್ತದೆ. ತಿಂಗಳಿಗೊಮ್ಮೆ ನೋಡಿದರೆ ಸುಮ್ನೆ ಬೇಜಾರು. 2022ರ ಜಾತ್ರೆಗೆ ಹೋಗುವಾಗ ತೋಟದಲ್ಲಿ 148 ಬಳ್ಳಿ ಬದುಕಿದ್ದವು, ಮಾರುವಷ್ಟು ಮೆಣಸು ಇರಲಿಲ್ಲ. 2024ರ ಜಾತ್ರೆಗೆ ಹೋಗುವಾಗ 230 ಬಳ್ಳಿ. ಅಂಗಳದಲ್ಲಿ ಒಣಗಿಸಿ ತೂಗಿದ್ದು ಒಂದು ಕ್ವಿಂಟಾಲ್ ಹನ್ನೆರಡು ಕಿಲೋ. ತಕ್ಕಡಿಯ ಮುಳ್ಳನ್ನು ಅತ್ತೆಯೇ ಬಗ್ಗಿ ನೋಡಿದರು. ಅದರಲ್ಲಿ ಅರ್ಧ ಮಾರಿದೆ, ಅರ್ಧ ಇಟ್ಟುಕೊಂಡಿದ್ದೇನೆ. ಪಾಸ್‌ಬುಕ್ಕಿನಲ್ಲಿ ನನ್ನ ದುಡ್ಡು ಬಂದು ಕೂತ ಆ ಸಾಲನ್ನು ಬ್ಯಾಂಕಿನಿಂದ ಬಸ್‌ಸ್ಟ್ಯಾಂಡಿನವರೆಗೆ ನಡೆಯುವಾಗ ಮೂರು ಸಲ ತೆಗೆದು ನೋಡಿದೆ.

ತೋಟದ ಕೆಳಗಿನ ಮೂಲೆ ಮಾತ್ರ ಇನ್ನೂ ಒಲಿದಿಲ್ಲ. ಅಲ್ಲಿ ನೀರು ನಿಲ್ಲುವುದು ಪೂರ್ತಿ ತಪ್ಪಿಲ್ಲ. ಈ ಸಲ ಅಲ್ಲಿ ಆರೇ ಬಳ್ಳಿ ನೆಡುತ್ತೇನೆ, ಬುಡಕ್ಕೆ ಮಣ್ಣು ಎತ್ತರಿಸಿ. ಕಾಲುವೆಯನ್ನು ಅರ್ಧ ಅಡಿ ಆಳ ಮಾಡುವ ಕೆಲಸ ಈಗಾಗಲೇ ಶುರುವಾಗಿದೆ, ದಿನಕ್ಕೆ ಎರಡು ಮಾರು. ಅತ್ತೆ ತಮ್ಮ ಹಳದಿ ಸೀರೆಯೊಂದನ್ನು ತಂದು ಕೊಟ್ಟಿದ್ದಾರೆ. ಅದನ್ನು ಹರಿದು ಬುಟ್ಟಿಯಲ್ಲಿಟ್ಟಿದ್ದೇನೆ.