"ನಿಮ್ಮಲ್ಲಿ ಮಳೆ ಹೆಂಗೆ?" ಅಂದರೆ ಇನ್ನು ಲೆಕ್ಕ ಕೊಡಿ

ಜುಲೈ ತಿಂಗಳಲ್ಲಿ ಮಲೆನಾಡಿಗೆ ಯಾರೇ ಫೋನ್ ಮಾಡಲಿ, ಮೊದಲ ಪ್ರಶ್ನೆ "ನಿಮ್ಮಲ್ಲಿ ಮಳೆ ಹೆಂಗೆ?" ನಮ್ಮ ಉತ್ತರವೂ ಪ್ರತಿ ವರ್ಷ ಒಂದೇ. "ಅಯ್ಯೋ, ಸಿಕ್ಕಾಪಟ್ಟೆ!" ಈ ಸಿಕ್ಕಾಪಟ್ಟೆ ಅಂದರೆ ಎಷ್ಟು ಅಂತ ನಾಲ್ಕು ವರ್ಷದ ಹಿಂದೆ ತಲೆಗೆ ಹುಳ ಬಿಟ್ಟುಕೊಂಡೆ. ಅವತ್ತಿನಿಂದ ತೀರ್ಥಹಳ್ಳಿ ಕಡೆಯ ನಮ್ಮನೆ ಅಂಗಳದಲ್ಲಿ ಮಳೆ ಅಳೆಯುತ್ತಿದ್ದೇನೆ. ಖರ್ಚು ಜಾಸ್ತಿ ಇಲ್ಲ.

ಎಲ್ಲರೂ ಹೇಳಿಕೊಡುವುದು ಬಾಟಲಿ ಕತ್ತರಿಸುವ ವಿಧಾನ. ಬೇಡ. ತಂಪು ಪಾನೀಯದ ಬಾಟಲಿಯ ತಳ ಉಬ್ಬುತಗ್ಗಾಗಿರುತ್ತದೆ, ಸ್ಕೇಲ್ ಹಿಡಿದರೆ ಸರಿಯಾದ ಲೆಕ್ಕ ಸಿಗುವುದಿಲ್ಲ. ನನ್ನ ಮೊದಲ ಬಾಟಲಿಯನ್ನಂತೂ ನಾಯಿ ಉರುಳಿಸಿತು. ಅದರ ಬದಲು 5 ಲೀಟರಿನ ಎಣ್ಣೆ ಕ್ಯಾನ್ ತೊಳೆದು, ಬಾಯಿಗೆ 16 ಸೆಂ.ಮೀ. ಅಗಲದ ಲಾಳಿಕೆ ಸಿಕ್ಕಿಸಿ. ಸಂದಿಯಿಂದ ನೀರು ಒಳಗೆ ಇಳಿಯದಂತೆ ಟೇಪ್ ಸುತ್ತಿ, ಆದರೆ ಕ್ಯಾನಿನ ಭುಜದ ಹತ್ತಿರ, ಲಾಳಿಕೆಯ ಮರೆಯಲ್ಲಿ, ಗಾಳಿ ಹೋಗಲು ಸೂಜಿಯಷ್ಟು ತೂತು ಮಾಡಿ. ಇಲ್ಲದಿದ್ದರೆ ಜೋರು ಮಳೆಗೆ ಲಾಳಿಕೆ ಗುಳುಗುಳು ಅಂತ ತುಂಬಿ ಹೊರಚೆಲ್ಲುತ್ತದೆ.

ಎಲ್ಲಿ ಇಡುತ್ತೀರಿ ಅನ್ನುವುದೇ ದೊಡ್ಡ ವಿಷಯ. ಮೊದಲ ವರ್ಷ ನಾನು ತೋಟದ ಅಂಚಿನಲ್ಲಿ ಇಟ್ಟಿದ್ದೆ. ನಂದು 12 ಮಿ.ಮೀ. ತೋರಿಸಿದ ದಿನ ಪಕ್ಕದ ಮನೆಯವರ ಕಣದಲ್ಲಿ 31. ಅರ್ಧಕ್ಕಿಂತ ಜಾಸ್ತಿ ನೀರನ್ನು ಅಡಿಕೆ ಸೋಗೆಯೇ ಬೇರೆ ಕಡೆ ಹಾಯಿಸಿಬಿಟ್ಟಿತ್ತು! ಮರವೋ ಗೋಡೆಯೋ ಎಷ್ಟು ಎತ್ತರ ಇದೆಯೋ ಅದರ ಎರಡರಷ್ಟು ದೂರದಲ್ಲಿ ಕ್ಯಾನ್ ಇರಬೇಕು. ತಾರಸಿ ಮೇಲೂ ಬೇಡ, ಅಲ್ಲಿ ಗಾಳಿ ಹನಿಗಳನ್ನು ಎತ್ತಿಕೊಂಡು ಹೋಗುತ್ತದೆ. ಅಂಗಳದ ನಡುವೆ ನಾಲ್ಕು ಇಟ್ಟಿಗೆ ಮಧ್ಯೆ ನಿಲ್ಲಿಸಿ, ಲಾಳಿಕೆಯ ಬಾಯಿ ನೆಲದಿಂದ ಒಂದಡಿಗಿಂತ ಕೆಳಗೆ ಬಾರದಿದ್ದರೆ ಸಾಕು, ಕೆಸರು ನೀರು ಸಿಡಿಯುವುದಿಲ್ಲ.

ದಿನಾ ಬೆಳಿಗ್ಗೆ 8:30ಕ್ಕೆ ಅಳೆಯಿರಿ. ಹವಾಮಾನ ಇಲಾಖೆಯ ದಿನದ ಲೆಕ್ಕವೂ ಆ ಹೊತ್ತಿಗೇ, ಹಾಗಾಗಿ ಪೇಪರಿನಲ್ಲಿ ಬರುವ ಅಂಕಿಗೆ ಹೋಲಿಸಿ ನೋಡಬಹುದು.

ಈಗ ಮಜಾ ಇರುವ ಭಾಗ. ಮಿಲಿಮೀಟರ್ ಮಳೆ ಅಂದರೆ, ಬಿದ್ದ ನೀರು ಹರಿಯದೆ, ಇಂಗದೆ ಬಿದ್ದಲ್ಲೇ ನಿಂತಿದ್ದರೆ ಆಗುತ್ತಿದ್ದ ಎತ್ತರ. 16 ಸೆಂ.ಮೀ. ಲಾಳಿಕೆಯ ಬಾಯಿ 8×8×3.14, ಅಂದರೆ 201 ಚದರ ಸೆಂ.ಮೀ. ಅಷ್ಟಗಲಕ್ಕೆ 1 ಮಿ.ಮೀ. ಮಳೆ ಅಂದರೆ 20 ಮಿ.ಲೀ. ನೀರು. ಒಂದು ಮಿ.ಲೀ. ನೀರಿನ ತೂಕ ಒಂದು ಗ್ರಾಂ. ಹಾಗಾದರೆ ಸ್ಕೇಲೇ ಬೇಡ, ಅಲ್ವಾ? ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಪಾತ್ರೆ ಇಟ್ಟು ಸೊನ್ನೆ ಮಾಡಿ, ನೀರು ಸುರಿದು, ಬಂದ ಗ್ರಾಮನ್ನು 20ರಿಂದ ಭಾಗಿಸಿ. ಮೊನ್ನೆ 1240 ಗ್ರಾಂ ಬಂತು, ಅಂದರೆ 62 ಮಿ.ಮೀ. ಚಿಕ್ಕಮಗಳೂರು ಕಡೆಯ ಕಾಫಿ ತೋಟದವರಿಗೆ ಹೇಳುವುದಾದರೆ ಎರಡೂವರೆ ಇಂಚಿಗೆ ಸ್ವಲ್ಪ ಕಮ್ಮಿ.

ಅದೇ 62 ಮಿ.ಮೀ. 1000 ಚದರಡಿ ಹಂಚಿನ ಮಾಡಿನ ಮೇಲೆ ಬಿದ್ದರೆ ಐದೂಮುಕ್ಕಾಲು ಸಾವಿರ ಲೀಟರ್. ಒಂದು ಎಕರೆ ತೋಟಕ್ಕೆ ಎರಡೂವರೆ ಲಕ್ಷ ಲೀಟರ್, ಅಂದರೆ 5000 ಲೀಟರಿನ 50 ಟ್ಯಾಂಕರ್, ಅದೂ ಒಂದೇ ದಿನಕ್ಕೆ. ಏಪ್ರಿಲ್‌ನಲ್ಲಿ ಅದೇ ತೋಟದ ಬಾವಿಯಲ್ಲಿ ಕೊಡಪಾನ ತಳಕ್ಕೆ ತಾಗುತ್ತದೆ. ಇಷ್ಟಾದರೂ 62 ಅನ್ನುವುದು ಇಲಾಖೆಯ ಲೆಕ್ಕದಲ್ಲಿ 'ಭಾರಿ ಮಳೆ' ಅಲ್ಲ! ಅದಕ್ಕೆ 64.5 ಬೇಕು. 204.4 ದಾಟಿದರೆ 'ಅತ್ಯಂತ ಭಾರಿ'. ನಿಮ್ಮ ಕ್ಯಾನ್ 250ಕ್ಕೇ ತುಂಬಿಬಿಡುತ್ತದೆ, ಹಾಗಾಗಿ ಆಶ್ಲೇಷ ಮಳೆ ಹೊಡೆಯುವ ರಾತ್ರಿ ಮಲಗುವ ಮುಂಚೆ ಒಮ್ಮೆ ತೂಗಿ, ಖಾಲಿ ಮಾಡಿ, ಬೆಳಿಗ್ಗೆಯದನ್ನು ಕೂಡಿಸಿ. ಆಗುಂಬೆ, ಹುಲಿಕಲ್ ಕಡೆಯವರು ದೊಡ್ಡ ಕ್ಯಾನೇ ತನ್ನಿ. ಅರಬ್ಬಿ ಸಮುದ್ರದ ಹಸಿಗಾಳಿ ಘಟ್ಟಕ್ಕೆ ಗುದ್ದಿ, ಮೇಲೇರಿ, ತಣ್ಣಗಾಗಿ ಅಲ್ಲೇ ಸುರಿದುಬಿಡುತ್ತದೆ. ಆಗುಂಬೆಗೆ ವರ್ಷಕ್ಕೆ 7000 ಮಿ.ಮೀ. ಆಸುಪಾಸು ಬಿದ್ದರೆ, ಪೂರ್ವಕ್ಕಿರುವ ಶಿವಮೊಗ್ಗ ಪೇಟೆಗೆ ಅದರ ಕಾಲು ಭಾಗವೂ ಇಲ್ಲ.

ಮಳೆ ಅಳೆಯುವುದು ನಮ್ಮಲ್ಲಿ ಹೊಸದೇನಲ್ಲ. ಉಗ್ರಾಣದ ಮುಂದೆ ಮೊಳದಗಲದ ಪಾತ್ರೆ ಇಟ್ಟು ಮಳೆ ಅಳೆಯಿರಿ ಅಂತ ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಇದೆ, ಲೆಕ್ಕ ದ್ರೋಣದಲ್ಲಿ. ನಾವು ಸುಮ್ನೆ ಬಾಯಿಮಾತಿಗೆ ಹೇಳುವ 'ಕುಂಭದ್ರೋಣ ಮಳೆ'ಯ ಕುಂಭ, ದ್ರೋಣ ಎರಡೂ ಹಳೇ ಅಳತೆಗಳೇ.

ಮನೆಯಲ್ಲಿ ಮಕ್ಕಳಿದ್ದರೆ ಇನ್ನೊಂದು ಮಾಡಿ, ಹನಿಯ ಗಾತ್ರ ಅಳೆಯುವುದು. ಅಮೆರಿಕದ ವರ್ಮಾಂಟ್‌ನಲ್ಲಿ ವಿಲ್ಸನ್ ಬೆಂಟ್ಲಿ ಅನ್ನುವ ರೈತ 1904ರಲ್ಲಿ ಪ್ರಕಟಿಸಿದ ಉಪಾಯ ಇದು. ತಟ್ಟೆಯಲ್ಲಿ ಒಂದಿಂಚು ದಪ್ಪಕ್ಕೆ ಜರಡಿ ಹಿಡಿದ ಮೈದಾ ಹರಡಿ, ಮುಚ್ಚಿಕೊಂಡು ಅಂಗಳಕ್ಕೆ ಹೋಗಿ, ಎರಡು ಮೂರು ಸೆಕೆಂಡ್ ಮುಚ್ಚಳ ತೆಗೆದು ಮತ್ತೆ ಮುಚ್ಚಿ. ಬಿದ್ದ ಒಂದೊಂದು ಹನಿಯೂ ಒಂದೊಂದು ಉಂಡೆ. ಒಣಗಲು ಬಿಟ್ಟು ಜರಡಿ ಹಿಡಿದರೆ ಉಂಡೆಗಳು ಮೇಲೆ ಉಳಿಯುತ್ತವೆ. ನಮಗೆ ಸೋನೆ ಮಳೆಯಲ್ಲಿ ಸಿಕ್ಕಿದ್ದು ರಾಗಿಕಾಳಿನಷ್ಟು, ಏಪ್ರಿಲ್ಲಿನ ಗುಡುಗು ಮಳೆಯಲ್ಲಿ ಕಾಳುಮೆಣಸಿನಷ್ಟು. ಅದಕ್ಕಿಂತ ತುಂಬಾ ದೊಡ್ಡದು ಸಿಗುವುದು ಅಪರೂಪ, ಹನಿ ದೊಡ್ಡದಾದ ಹಾಗೆ ಗಾಳಿಯ ಒತ್ತಡಕ್ಕೆ ಒಡೆದುಹೋಗುತ್ತದೆ. ಅಂದಹಾಗೆ, ಚಿತ್ರದಲ್ಲಿ ಬರೆಯುವ ಹಾಗೆ ಹನಿಗೆ ಚೂಪು ತುದಿ ಇರುವುದಿಲ್ಲ. ಸಣ್ಣದು ಗುಂಡಗೆ, ದೊಡ್ಡದು ಬೇಕರಿ ಬನ್ ಥರ, ಕೆಳಗೆ ಚಪ್ಪಟೆ, ಮೇಲೆ ಉಬ್ಬು.

ಉಳಿದ ಮೈದಾವನ್ನು ಮಾತ್ರ ವಾಪಸ್ ಡಬ್ಬಕ್ಕೆ ಹಾಕಬೇಡಿ. ನಾನು ಹಾಕಿದ್ದೆ. ನಾಲ್ಕೇ ದಿನಕ್ಕೆ ಇಡೀ ಡಬ್ಬ ಮುಗ್ಗಿ ಹೋಯಿತು, ಅಮ್ಮನ ಬೈಗುಳ ಎಷ್ಟು ಮಿ.ಮೀ. ಅಂತ ಅಳೆದಿಲ್ಲ.