ಬೈಬಲ್ ನಂಬಬಹುದೇ ಎಂದು ವಾದಕ್ಕೆ ಕೂರುವ ಮುನ್ನ

ಬೀದರ್, ಕಲಬುರಗಿ ಕಡೆ ಈ ವಾದ ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ: "ನಿಮ್ಮ ಬೈಬಲ್ ಖರೇನೋ ಸುಳ್ಳೋ, ಒಂದ್ ಮಾತಿನಾಗ ಹೇಳ್ರಿ ಪಾಸ್ಟರ್." ಈ ಪ್ರಶ್ನೆ ಕೇಳಬೇಡಿ, ಕೇಳಿದರೆ ಉತ್ತರವನ್ನೂ ಕೊಡಬೇಡಿ. ಇದರೊಳಗೆ ಮೂರು ಪ್ರಶ್ನೆಗಳು ಸಿಕ್ಕಿಹಾಕಿಕೊಂಡಿವೆ. ಮೊದಲು ಬರೆದದ್ದೇ ನಮ್ಮ ಕೈಗೆ ಬಂದಿದೆಯೇ? ಒಂದು ಭಾಗಕ್ಕೂ ಇನ್ನೊಂದಕ್ಕೂ ತಾಳೆಯಾಗುತ್ತದೆಯೇ? ಬರೆದದ್ದು ನಿಜಕ್ಕೂ ನಡೆದಿದೆಯೇ? ಒಂದು ಕೂಟಕ್ಕೆ ಒಂದನ್ನೇ ಹಿಡಿಯಿರಿ. ಮೊದಲನೆಯದರಲ್ಲಿ ಸೋಲುವವರು ಮೂರನೆಯದಕ್ಕೆ ಜಿಗಿಯುತ್ತಾರೆ; ಜಗಳ ಹುಟ್ಟುವುದು ಅಲ್ಲೇ.

ಆಮೇಲೆ ಪುಸ್ತಕ. ಪ್ರೊಟೆಸ್ಟೆಂಟರ ಬೈಬಲಿನಲ್ಲಿ 66 ಪುಸ್ತಕಗಳು, ಕ್ಯಾಥೊಲಿಕರದರಲ್ಲಿ 73. ಬೀದರಿನಲ್ಲಂತೂ ಒಬ್ಬರ ಕೈಯಲ್ಲಿ ಕನ್ನಡ, ಪಕ್ಕದವರ ಕೈಯಲ್ಲಿ ತೆಲುಗು ಇಲ್ಲವೇ ಮರಾಠಿ ಇರಬಹುದು. ಎಲ್ಲರೂ ಒಂದೇ ಅನುವಾದ ತೆರೆಯಲಿ, ಅದರಲ್ಲಿ ಅಡಿಟಿಪ್ಪಣಿ ಇರಲಿ. 2 ಅರಸುಗಳು 24:8ರಲ್ಲಿ ಯೆಹೂದದ ಅರಸ ಯೆಹೋಯಾಖೀನ ಪಟ್ಟಕ್ಕೆ ಬಂದಾಗ 18 ವರ್ಷ. 2 ಪೂರ್ವಕಾಲವೃತ್ತಾಂತ 36:9ರ ಹೆಚ್ಚಿನ ಹೀಬ್ರೂ ಪ್ರತಿಗಳಲ್ಲಿ 8. ಕೆಲವು ಅನುವಾದಗಳು ಎರಡನೆಯ ಕಡೆಯೂ 18 ಎಂದೇ ಅಚ್ಚುಹಾಕಿ, 8 ಅನ್ನು ಅಡಿಗೆ ತಳ್ಳುತ್ತವೆ. ಟಿಪ್ಪಣಿ ನೋಡದೆ "ಇಲ್ಲಿ ತಪ್ಪೇ ಇಲ್ಲ" ಎನ್ನುವವರೂ "ತಿದ್ದಿ ಮುಚ್ಚಿಟ್ಟರು" ಎನ್ನುವವರೂ ಮುಗ್ಗರಿಸುತ್ತಾರೆ.

ಮೊದಲು ಬರೆದದ್ದೇ ಬಂದಿದೆಯೇ ಎಂಬ ಪಾಠದ (ಮೂಲ ಬರಹದ ಪದಗಳ) ಪ್ರಶ್ನೆಗೆ ಬಂದಾಗ ಅಂಕಿಗಳ ಮೋಹ ಬಿಡಿ. ಹೊಸ ಒಡಂಬಡಿಕೆಯ (ಯೇಸು ಮತ್ತು ಅವನ ಶಿಷ್ಯರ ಬಗೆಗಿನ ಬೈಬಲ್ ಭಾಗದ) ಗ್ರೀಕ್ ಹಸ್ತಪ್ರತಿಗಳು 5 ಸಾವಿರಕ್ಕೂ ಹೆಚ್ಚು ಎಂದು ಭಕ್ತರು ಹೇಳುತ್ತಾರೆ. ಅವುಗಳಲ್ಲಿ ಬಹುಪಾಲು 9ನೇ ಶತಮಾನದಿಂದ ಈಚಿನವು. ಪಾಠಾಂತರಗಳು, ಅಂದರೆ ಪ್ರತಿಯಿಂದ ಪ್ರತಿಗೆ ಬರುವ ವ್ಯತ್ಯಾಸಗಳು, ಲಕ್ಷಗಟ್ಟಲೆ ಎಂದು ಸಂದೇಹವಾದಿಗಳು ಹೇಳುತ್ತಾರೆ. ಬಹುಪಾಲು ಕಾಗುಣಿತದ, ಪದಗಳ ಹಿಂದುಮುಂದಿನ ವ್ಯತ್ಯಾಸ. ಅಂಕಿ ಬಿಟ್ಟು ಜಾಗ ತೋರಿಸಿ. ಮರುಜೀವಗೊಂಡ ಯೇಸು ಶಿಷ್ಯರಿಗೆ ಕಾಣಿಸಿಕೊಳ್ಳುವ ಭಾಗ (ಮಾರ್ಕ 16:9–20) 4ನೇ ಶತಮಾನದ ಸಿನೈಟಿಕಸ್ ಮತ್ತು ವ್ಯಾಟಿಕಾನಸ್ ಪ್ರತಿಗಳಲ್ಲಿಲ್ಲ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಪ್ರಸಂಗವೂ (ಯೋಹಾನ 7:53–8:11) ಅತಿ ಹಳೆಯ ಪ್ರತಿಗಳಲ್ಲಿಲ್ಲ. ಭಕ್ತರು ಇದನ್ನು ಎದುರಿನವರು ಎತ್ತುವ ಮುಂಚೆ ತಾವೇ ಹೇಳಿಬಿಡುವುದು ಒಳ್ಳೆಯದು. "ಹಾಗಾದರೆ ಎಲ್ಲವೂ ತಿದ್ದಿದ್ದೇ" ಎಂದು ಸಂದೇಹವಾದಿ ಹಾರಿದರೆ, ಈ ಭಾಗಗಳು ಆಮೇಲಿನ ಸೇರ್ಪಡೆ ಎಂದು ಪತ್ತೆಯಾದದ್ದೇ ಹಳೆಯ ಪ್ರತಿಗಳು ಉಳಿದಿರುವುದರಿಂದ ಎಂದು ನೆನಪಿಸಿ.

1947ರಿಂದ ಮೃತ ಸಮುದ್ರದ ಬಳಿಯ ಕುಮ್ರಾನಿನ ಗವಿಗಳಲ್ಲಿ ಸಿಕ್ಕ ಸುರುಳಿಗಳು ಎರಡೂ ಕಡೆಗೆ ಸಾಕ್ಷಿ ಹೇಳುತ್ತವೆ. ಅಲ್ಲಿಯ ಯೆಶಾಯ ಪುಸ್ತಕದ ಸುರುಳಿ ಆಗ ಗೊತ್ತಿದ್ದ ಹೀಬ್ರೂ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯದಾದರೂ ಪಾಠ ಬಹುಮಟ್ಟಿಗೆ ಅದೇ. ಆದರೆ ಸಮುವೇಲನ ಪುಸ್ತಕದ ಸುರುಳಿಯೊಂದರಲ್ಲಿ, ದಾವೀದ ಕೊಂದನೆನ್ನುವ ದೈತ್ಯ ಗೊಲ್ಯಾತನ ಎತ್ತರ 4 ಮೊಳ 1 ಗೇಣು. ರೂಢಿಯ ಹೀಬ್ರೂ ಪಾಠದಲ್ಲಿ 6 ಮೊಳ 1 ಗೇಣು. ಒಂದನ್ನು ಹೇಳಿ ಇನ್ನೊಂದನ್ನು ನುಂಗಬೇಡಿ.

ತಾಳೆಯ ಪ್ರಶ್ನೆಯಲ್ಲಿ ಹತ್ತು ವಿರೋಧಗಳ ಪಟ್ಟಿ ಓದುವುದು ಶುದ್ಧ ಸೋಮಾರಿತನ. ಗಟ್ಟಿಯಾದ ಒಂದೇ ಒಂದು ಸಾಕು. ಮತ್ತಾಯ 2ರ ಪ್ರಕಾರ ಯೇಸು ಹುಟ್ಟಿದ್ದು ಯೂದಾಯದ ಅರಸ ಹೆರೋದನ ಕಾಲದಲ್ಲಿ; ಹೆರೋದ ತೀರಿದ್ದು ಕ್ರಿ.ಪೂ. 4ರಲ್ಲಿ ಎಂಬುದು ಹೆಚ್ಚಿನ ಇತಿಹಾಸಕಾರರ ಲೆಕ್ಕ. ಲೂಕ 2:2 ಯೇಸುವಿನ ಹುಟ್ಟಿಗೆ ಜೋಡಿಸುವುದು ರೋಮನ್ನರ ಕುರೇನ್ಯ ಸಿರಿಯದ ಅಧಿಪತಿಯಾಗಿದ್ದಾಗಿನ ಖಾನೇಷುಮಾರಿ. 1ನೇ ಶತಮಾನದ ಯಹೂದಿ ಇತಿಹಾಸಕಾರ ಜೋಸಿಫಸ್ ಪ್ರಕಾರ ಅದು ಕ್ರಿ.ಶ. 6ರದು. ಕುರೇನ್ಯನಿಗಿಂತ "ಮುಂಚಿನ" ಖಾನೇಷುಮಾರಿ ಎಂದು ಆ ಗ್ರೀಕ್ ಪದವನ್ನು ಓದಬಹುದು ಎಂಬುದು ಭಕ್ತರ ಒಂದು ಉತ್ತರ. ವ್ಯಾಕರಣಕ್ಕೆ ಅದು ಎಳೆದುಕಟ್ಟಿದ ಓದು ಎನ್ನುವವರೇ ಹೆಚ್ಚು. ಇಲ್ಲಿ ಸಂದೇಹವಾದಿಯ ಕೈ ಮೇಲು. ಆದರೆ ಇದರಿಂದ ಬೀಳುವುದು ಒಂದು ಕಾಲಗಣನೆ, ಯೇಸು ಇದ್ದನೆಂಬುದಲ್ಲ.

ಮೂರನೆಯ, ನಿಜಕ್ಕೂ ನಡೆದಿದೆಯೇ ಎಂಬ ಪ್ರಶ್ನೆಯಲ್ಲಿ ಉತ್ಖನನದ ಮಾತು ಬಂದರೆ ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿಯ ಕನಗನಹಳ್ಳಿಯ ಬೌದ್ಧ ಸ್ತೂಪ ನೆನೆಯಿರಿ. ಅಲ್ಲಿಯ ಶಿಲ್ಪದ ಮೇಲಿನ ಬರಹ ಅಶೋಕನ ಹೆಸರು ಹೇಳುತ್ತದೆ. ಅವನು 84 ಸಾವಿರ ಸ್ತೂಪ ಕಟ್ಟಿಸಿದ ಕಥೆಯನ್ನು ರುಜುವಾತು ಮಾಡುವುದಿಲ್ಲ. 1993ರಲ್ಲಿ ಇಸ್ರೇಲಿನ ತೆಲ್ ದಾನ್‌ನಲ್ಲಿ ಸಿಕ್ಕ ಶಾಸನದ "ದಾವೀದನ ಮನೆತನ" ಎಂಬ ಮಾತಿನ ತೂಕವೂ ಅಷ್ಟೇ: ಆ ಹೆಸರಿನ ರಾಜವಂಶ ಇತ್ತು, ಗೊಲ್ಯಾತನ ಕಾಳಗ ನಡೆಯಿತೆಂದಲ್ಲ.

ಕೂಟದ ವಿಡಿಯೊ ಮಾಡಿದರೆ ಪೂರ್ತಿ ಇಡಿ, ತುಂಡರಿಸಿ ವಾಟ್ಸಾಪಿಗೆ ಬಿಡಬೇಡಿ. ಧರ್ಮವನ್ನು ಬೇಕಂತಲೇ ದುರುದ್ದೇಶದಿಂದ ಅವಮಾನಿಸುವುದು ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮಿನಡಿ ಅಪರಾಧ. ವಚನದ ಬಗ್ಗೆ ಮಾತಾಡಿ, ವಿಶ್ವಾಸಿಗಳ ಬಗ್ಗೆ ಬೇಡ. ಉತ್ತರ ತೋಚದಿದ್ದರೆ ಅಧ್ಯಾಯ, ವಚನ ಬರೆದುಕೊಂಡು "ಮುಂದಿನ ವಾರ ನೋಡಿ ಹೇಳ್ತೀನ್ರಿ" ಎನ್ನಿ.