ಕಣ ಬೇರೆ, ಕಣಜ ಬೇರೆ: ವಿಡಿಯೋ ಎಡಿಟಿಂಗ್‌ಗೆ ಎಕ್ಸ್‌ಟರ್ನಲ್ ಡ್ರೈವ್ ಬಳಸುವ ಬಗೆ

ಮಂಡ್ಯ ಸೀಮೆಯ ಮದುವೆ ಎಂದರೆ ಚಪ್ಪರ, ಆರತಕ್ಷತೆ, ಮುಹೂರ್ತ, ಅದಾದ ಮೇಲೆ ಬೀಗರ ಊಟ. ಎರಡು ಕ್ಯಾಮೆರಾದಲ್ಲಿ ತಲಾ ಆರು ಗಂಟೆ ರೆಕಾರ್ಡ್ ಆಯಿತು ಅಂದುಕೊಳ್ಳಿ. 4ಕೆ, 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್, ಎಂಟು ಬಿಟ್ ಸೇರಿದರೆ ಒಂದು ಬೈಟ್) ಸೆಟ್ಟಿಂಗ್ ಆದರೆ ಸೆಕೆಂಡಿಗೆ 12.5 ಎಂಬಿ, ಗಂಟೆಗೆ 45 ಜಿಬಿ, ಹನ್ನೆರಡು ಗಂಟೆಗೆ 540 ಜಿಬಿ. 512 ಜಿಬಿ ಲ್ಯಾಪ್‌ಟಾಪಿಗೆ ಒಂದು ಮದುವೆಯೂ ಹಿಡಿಯುವುದಿಲ್ಲ. ಆ 512 ಕೂಡ ವಿಂಡೋಸ್ ಲೆಕ್ಕದಲ್ಲಿ 476 ಅಷ್ಟೇ, ಏಕೆಂದರೆ ಕಂಪನಿ ಸಾವಿರದ ಲೆಕ್ಕದಲ್ಲಿ ಮಾರುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಅದರಲ್ಲೇ ವಿಂಡೋಸ್, ಎಡಿಟಿಂಗ್ ಸಾಫ್ಟ್‌ವೇರ್, ಹಳೇ ಕೆಲಸದ ಕ್ಯಾಶ್ (ಎಡಿಟಿಂಗ್ ಸಾಫ್ಟ್‌ವೇರ್ ತಾನಾಗಿ ಮಾಡಿಕೊಳ್ಳುವ ತಾತ್ಕಾಲಿಕ ಫೈಲುಗಳು) ಎಲ್ಲ ಕೂತಿರುತ್ತವೆ.

ಆಗ ಹೆಚ್ಚಿನವರು ಮಾಡುವುದು ಒಂದೇ: 2 ಟಿಬಿ ಹಾರ್ಡ್ ಡಿಸ್ಕ್ ತಂದು ಎಲ್ಲವನ್ನೂ ಅದಕ್ಕೆ ಸುರಿದು, ಅದರಿಂದಲೇ ಎಡಿಟ್ ಮಾಡಲು ಕೂರುವುದು. ಟೈಮ್‌ಲೈನ್ ತಡವರಿಸಲು ಶುರುವಾಗುವುದು ಅಲ್ಲಿಂದಲೇ. ಭತ್ತ ಬಡಿಯುವ ಕಣ ಬೇರೆ, ತುಂಬಿಡುವ ಕಣಜ ಬೇರೆ. ಡ್ರೈವ್‌ಗಳಿಗೂ ಇದೇ ಲೆಕ್ಕ: ಕೆಲಸಕ್ಕೆ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಚಿಪ್‌ಗಳಲ್ಲೇ ಬರೆದಿಡುವ ಡ್ರೈವ್), ಕೂಡಿಡಲು ಹಾರ್ಡ್ ಡಿಸ್ಕ್.

ಹಾರ್ಡ್ ಡಿಸ್ಕ್ ಏಕೆ ತಡವರಿಸುತ್ತದೆ

ಜೇಬಿಗೆ ಹಿಡಿಯುವ 2.5 ಇಂಚಿನ ಡಿಸ್ಕ್ ಕೂಡ ಸೆಕೆಂಡಿಗೆ 100 ಎಂಬಿಯ ಆಸುಪಾಸಿನಲ್ಲಿ ಓದುತ್ತದೆ. ಒಂದು ಕ್ಲಿಪ್‌ಗೆ ಬೇಕಿರುವುದು 12.5 ಎಂಬಿ. ಹಾಗಾದರೆ ನಾಲ್ಕು ಕ್ಯಾಮೆರಾ ಆರಾಮಾಗಿ ಓಡಬೇಕಲ್ಲ? ಹಲವು ಸಲ ಓಡುವುದಿಲ್ಲ. ಆ 100 ಎಂಬಿ ಸಿಗುವುದು ಒಂದೇ ಫೈಲನ್ನು ಮೊದಲಿಂದ ಕೊನೆವರೆಗೆ ನೇರವಾಗಿ ಓದಿದಾಗ ಮಾತ್ರ. ಜಂಬೂಸವಾರಿಯನ್ನು ಅರಮನೆಯಿಂದ ಬನ್ನಿಮಂಟಪದವರೆಗೆ ನಾಲ್ಕು ಕಡೆ ನಿಂತು ಶೂಟ್ ಮಾಡಿ ಮಲ್ಟಿಕ್ಯಾಮ್ ಟೈಮ್‌ಲೈನಿಗೆ ಹಾಕಿದಿರಿ ಎನ್ನಿ. ಡಿಸ್ಕಿನ ಒಳಗಿನ ಹೆಡ್ (ಓದು ಬರಹ ಮಾಡುವ ಮುಳ್ಳು) ಮೊದಲ ಕ್ಯಾಮೆರಾದ ಫೈಲಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ, ನಡುವೆ ಆಡಿಯೋಗೆ ಅಂತ ಓಡಾಡುತ್ತಲೇ ಇರಬೇಕು. ಒಂದೊಂದು ಜಿಗಿತಕ್ಕೂ ಹತ್ತು ಮಿಲಿಸೆಕೆಂಡಿನ ಮೇಲೆ ಹೋಗುತ್ತದೆ, ಆ ಹೊತ್ತಿನಲ್ಲಿ ಏನನ್ನೂ ಓದುವುದಿಲ್ಲ. ಎಸ್‌ಎಸ್‌ಡಿಯಲ್ಲಿ ಹೆಡ್ಡೇ ಇಲ್ಲ, ಆದ್ದರಿಂದ ಈ ತಾಪತ್ರಯವೂ ಇಲ್ಲ.

ಆದರೆ ಎಸ್‌ಎಸ್‌ಡಿ ತಂದ ಮೇಲೂ ಪ್ಲೇ ಸಿಕ್ಕಿಕೊಳ್ಳುತ್ತಿದ್ದರೆ ಡ್ರೈವ್ ಅನ್ನು ಬೈಯಬೇಡಿ. ವಿಡಿಯೋ ಓಡುತ್ತಿರುವಾಗಲೇ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟ ನೋಡಿ. ಡಿಸ್ಕ್ 100 ಪರ್ಸೆಂಟ್ ತೋರಿಸಿದರೆ ತೊಂದರೆ ಡ್ರೈವ್‌ನದು. ಡಿಸ್ಕ್ 10ರಲ್ಲಿದ್ದು ಸಿಪಿಯು 100 ಮುಟ್ಟಿದ್ದರೆ ಅದು ಕೋಡೆಕ್ (ವಿಡಿಯೋ ಕುಗ್ಗಿಸಿ ಇಡುವ ವಿಧಾನ) ಭಾರ. ಬಣ್ಣದ ವಿವರ ಹೆಚ್ಚಿರುವ 10 ಬಿಟ್ 4:2:2 ಎಚ್.265 ಫೈಲುಗಳನ್ನು ಬಿಚ್ಚಲು ಅನೇಕ ಲ್ಯಾಪ್‌ಟಾಪ್‌ಗಳು ತಿಣುಕುತ್ತವೆ. ಅದಕ್ಕೆ ಮದ್ದು ಪ್ರಾಕ್ಸಿ (ಎಡಿಟ್ ಮಾಡಲು ಮಾತ್ರ ಬಳಸುವ, ಮೂಲ ಫೈಲಿನ ಹಗುರ ನಕಲು), ಇನ್ನೊಂದು ಡ್ರೈವ್ ಅಲ್ಲ.

ಕೊಳ್ಳುವಾಗ

1 ಟಿಬಿಯ ಒಂದು ಎಸ್‌ಎಸ್‌ಡಿ, 4 ಟಿಬಿಯ ಎರಡು ಹಾರ್ಡ್ ಡಿಸ್ಕ್. ಒಬ್ಬರೇ ನಡೆಸುವ ಸ್ಟುಡಿಯೋಗೆ ಶುರುವಿಗೆ ಇಷ್ಟು ಸಾಕು. ಸ್ಯಾಮ್ಸಂಗ್ ಟಿ7, ಸ್ಯಾನ್‌ಡಿಸ್ಕ್ ಎಕ್ಸ್‌ಟ್ರೀಮ್ ಪೋರ್ಟಬಲ್ ಥರದವು ಸೆಕೆಂಡಿಗೆ 1,050 ಎಂಬಿ ಎಂದು ಬರೆದುಕೊಂಡಿರುತ್ತವೆ. ಅಷ್ಟು ಬರಬೇಕಾದರೆ ಲ್ಯಾಪ್‌ಟಾಪಿನ ಪೋರ್ಟ್ 10 ಜಿಬಿಪಿಎಸ್‌ನದ್ದಾಗಿರಬೇಕು. 5 ಜಿಬಿಪಿಎಸ್ ಪೋರ್ಟಿನಲ್ಲಿ 400 ಚಿಲ್ಲರೆ ಸಿಗುತ್ತದೆ, ಮದುವೆ ಎಡಿಟಿಂಗ್‌ಗೆ ಅದೂ ಧಾರಾಳ. 20 ಜಿಬಿಪಿಎಸ್‌ನ ಯುಎಸ್‌ಬಿ 3.2 ಜೆನ್ 2 ಬೈ 2 ಡ್ರೈವ್‌ಗೆ ದುಡ್ಡು ಹಾಕುವ ಮುಂಚೆ ನಿಮ್ಮ ಪೋರ್ಟಿಗೆ ಅದು ಬರುತ್ತದೆಯೇ ನೋಡಿಕೊಳ್ಳಿ. ಬರದಿದ್ದರೆ ಅದು 10ಕ್ಕೇ ಇಳಿದು ಓಡುತ್ತದೆ.

ಆನ್‌ಲೈನ್‌ನಲ್ಲಿ 16 ಟಿಬಿ ಎಸ್‌ಎಸ್‌ಡಿ ಅಂತ ಪೆನ್‌ಡ್ರೈವ್ ಬೆಲೆಗೆ ಮಾರುವುದು ಮೋಸ. ಒಳಗಿರುವುದು ಸಣ್ಣ ಮೆಮೊರಿ ಚಿಪ್, ಕಂಪ್ಯೂಟರಿಗೆ ಮಾತ್ರ 16 ಟಿಬಿ ಅಂತ ಸುಳ್ಳು ಹೇಳುತ್ತದೆ. ತುಂಬಿದ ಮೇಲೂ ಕಾಪಿ ಆಗುತ್ತಿರುವಂತೆಯೇ ಕಾಣುತ್ತದೆ, ತೆರೆದರೆ ಫೈಲ್ ಇರುವುದಿಲ್ಲ. ಯಾವುದೇ ಹೊಸ ಡ್ರೈವ್ ಬಂದರೂ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಸಾಫ್ಟ್‌ವೇರಿನಿಂದ ಪೂರ್ತಿ ತುಂಬಿಸಿ ಓದಿಸಿ ನೋಡಿ. ದೊಡ್ಡ ಹಾರ್ಡ್ ಡಿಸ್ಕ್‌ಗೆ ಒಂದು ರಾತ್ರಿ, ಕೆಲವೊಮ್ಮೆ ಅದಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಹಿಡಿಯಲಿ ಬಿಡಿ.

ಕೇಬಲ್

ಡ್ರೈವ್ ನಿಧಾನ ಎನ್ನುವ ದೂರುಗಳಲ್ಲಿ ದೊಡ್ಡ ಪಾಲು ಕೇಬಲಿನದು. ಫೋನ್ ಚಾರ್ಜರ್ ಜೊತೆ ಬರುವ ಟೈಪ್ ಸಿ ಕೇಬಲ್ ನೋಡಲು ಎಸ್‌ಎಸ್‌ಡಿ ಕೇಬಲಿನಂತೆಯೇ ಇರುತ್ತದೆ. ಒಳಗೆ ಮಾತ್ರ ಸಾಮಾನ್ಯವಾಗಿ ಯುಎಸ್‌ಬಿ 2ರ ತಂತಿಗಳಷ್ಟೇ ಇರುತ್ತವೆ. ಅದರಲ್ಲಿ ಎಂಥ ಎಸ್‌ಎಸ್‌ಡಿಯೂ ಸೆಕೆಂಡಿಗೆ 40 ಎಂಬಿ ದಾಟುವುದಿಲ್ಲ. ವೇಗ ಅಳೆಯುವ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಸಾಫ್ಟ್‌ವೇರನ್ನು ಒಮ್ಮೆ ಓಡಿಸಿ. 40ರ ಹತ್ತಿರ ನಿಂತರೆ ಕೇಬಲ್ ಅಥವಾ ಪೋರ್ಟ್ ಯುಎಸ್‌ಬಿ 2 ಎಂದೇ ಅರ್ಥ. ಡ್ರೈವ್ ಜೊತೆ ಬಂದ ಕೇಬಲಿಗೆ ಒಂದು ಬಣ್ಣದ ಟೇಪ್ ಸುತ್ತಿಡಿ, ಮನೆಯಲ್ಲಿ ಯಾರೂ ಫೋನ್ ಚಾರ್ಜಿಗೆ ಎತ್ತಿಕೊಂಡು ಹೋಗದಿರಲಿ.

ಹಾರ್ಡ್ ಡಿಸ್ಕಿನ ಅಗಲವಾದ ಎರಡು ಭಾಗದ ಪಿನ್ ಇನ್ನೊಂದು ತಲೆನೋವು. ಪೂರ್ತಿ ಒತ್ತಿ ಕೂರಿಸದಿದ್ದರೆ ಮೇಜು ಅಲುಗಿದಾಗೆಲ್ಲ ಸಂಪರ್ಕ ತಪ್ಪುತ್ತದೆ. ಡೆಸ್ಕ್‌ಟಾಪ್ ಆದರೆ ಕ್ಯಾಬಿನೆಟ್‌ನ ಮುಂದಿನ ಪೋರ್ಟ್ ಬಿಟ್ಟು ಹಿಂದೆ ಮದರ್‌ಬೋರ್ಡಿಗೇ ಹಾಕಿ. ಪವರ್ ಅಡಾಪ್ಟರ್ ಇಲ್ಲದ ಅಗ್ಗದ ಹಬ್‌ಗೆ ಎರಡು ಹಾರ್ಡ್ ಡಿಸ್ಕ್ ಸಿಕ್ಕಿಸಿದರೆ ಕರೆಂಟ್ ಸಾಲದೆ ಕಾಪಿಯ ಮಧ್ಯದಲ್ಲೇ ಒಂದು ಮಾಯವಾಗುತ್ತದೆ. ಸುಮ್ಮನೆ ಬಿಟ್ಟಾಗ ಡ್ರೈವ್ ನಿದ್ದೆಗೆ ಜಾರಿ, ಪ್ಲೇ ಒತ್ತಿದಾಗ ಕೆಲವು ಸೆಕೆಂಡ್ ಎಲ್ಲ ಸ್ತಬ್ಧವಾಗುತ್ತಿದ್ದರೆ ಪವರ್ ಆಪ್ಷನ್ಸ್‌ನಲ್ಲಿ ಹಾರ್ಡ್ ಡಿಸ್ಕ್ ಆಫ್ ಆಗುವ ಸಮಯವನ್ನು ‘ನೆವರ್’ ಮಾಡಿ, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅನ್ನು ಡಿಸೇಬಲ್ ಮಾಡಿ.

ಫಾರ್ಮ್ಯಾಟ್, ಡ್ರೈವ್ ಅಕ್ಷರ

ವಿಂಡೋಸ್‌ನಲ್ಲಿ ಮಾತ್ರ ಕೆಲಸವಾದರೆ ಎನ್‌ಟಿಎಫ್‌ಎಸ್. ಮ್ಯಾಕ್ ಮಾತ್ರವಾದರೆ ಎಸ್‌ಎಸ್‌ಡಿಗೆ ಎಪಿಎಫ್‌ಎಸ್. ಎರಡರ ನಡುವೆ ಓಡಾಡಲೇಬೇಕಾದ ಡ್ರೈವ್‌ಗೆ ಮಾತ್ರ ಎಕ್ಸ್‌ಫ್ಯಾಟ್. ಅದರಲ್ಲಿ ಜರ್ನಲ್ ಇಲ್ಲ, ಅಂದರೆ ಬರೆಯುತ್ತಿರುವಾಗ ಕೇಬಲ್ ಕಿತ್ತು ಬಂದರೆ ಎಲ್ಲಿಗೆ ನಿಂತಿದ್ದೆ ಎಂಬ ನೆನಪು ಡ್ರೈವ್‌ಗೆ ಇರುವುದಿಲ್ಲ, ಫೋಲ್ಡರೇ ಕೆಡಬಹುದು. ಎನ್‌ಟಿಎಫ್‌ಎಸ್ ಡ್ರೈವ್ ಅನ್ನು ಮ್ಯಾಕ್ ಓದುತ್ತದೆ, ಅದರ ಮೇಲೆ ಬರೆಯುವುದಿಲ್ಲ. ಫ್ಯಾಟ್32 ಕಡೆ ಹೋಗಲೇಬೇಡಿ, 4 ಜಿಬಿ ಮೀರಿದ ಫೈಲ್ ಅದರಲ್ಲಿ ಕೂರುವುದಿಲ್ಲ. ಫಾರ್ಮ್ಯಾಟ್ ಮಾಡಿದರೆ ಒಳಗಿರುವುದೆಲ್ಲ ಹೋಗುತ್ತದೆ, ಆದ್ದರಿಂದ ಹೊಸದರಲ್ಲೇ ಮುಗಿಸಿಕೊಳ್ಳಿ.

ನಿನ್ನೆ ‘ಇ’ ಆಗಿದ್ದ ಡ್ರೈವ್ ಇವತ್ತು ‘ಎಫ್’ ಆಗಿ, ಟೈಮ್‌ಲೈನ್ ತುಂಬ ಕೆಂಪಗೆ ‘ಮೀಡಿಯಾ ಆಫ್‌ಲೈನ್’ ಬಂದರೆ ಎದೆ ಧಸಕ್ಕೆನ್ನುತ್ತದೆ. ಫೈಲ್ ಎಲ್ಲೂ ಹೋಗಿರುವುದಿಲ್ಲ. ಸಿಕ್ಕಿಸಿದ ಕ್ರಮ ಬದಲಾಗಿ ವಿಂಡೋಸ್ ಬೇರೆ ಅಕ್ಷರ ಕೊಟ್ಟಿರುತ್ತದೆ, ಅಷ್ಟೇ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಆ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಚೇಂಜ್ ಡ್ರೈವ್ ಲೆಟರ್ ಅಂಡ್ ಪಾತ್ಸ್’ನಲ್ಲಿ ‘ವಿ’ ಥರದ ದೂರದ ಅಕ್ಷರ ಕೊಟ್ಟು, ಆ ಪ್ರಾಜೆಕ್ಟಿನ ಕ್ಲಿಪ್‌ಗಳನ್ನು ಒಮ್ಮೆ ಅಲ್ಲಿಗೆ ರೀಲಿಂಕ್ ಮಾಡಿ. ಆ ಕಂಪ್ಯೂಟರಿನಲ್ಲಿ ಅದು ಅದೇ ಅಕ್ಷರಕ್ಕೆ ಬರುತ್ತದೆ.

ಕಾರ್ಡಿಂದ ಇಳಿಸುವುದು

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ, ಆದ್ದರಿಂದ ನಿಧಾನವಾಗಿ ಮಾಡಿ. ಕ್ಲಿಪ್‌ಗಳನ್ನು ಆರಿಸಿ ಎಳೆಯಬೇಡಿ, ಕಾರ್ಡಿನಲ್ಲಿರುವ ಫೋಲ್ಡರ್‌ಗಳನ್ನು ಇದ್ದ ಹಾಗೇ ಪೂರ್ತಿ ಕಾಪಿ ಮಾಡಿ. ಸೋನಿಯ ‘ಪ್ರೈವೇಟ್’ ಫೋಲ್ಡರಿನಲ್ಲಿ ಕ್ಲಿಪ್ ಜೊತೆ ಎಕ್ಸ್‌ಎಂಎಲ್ ಫೈಲುಗಳೂ ಇರುತ್ತವೆ, ಕ್ಲಿಪ್ಪಿನ ವಿವರ ಇರುವುದು ಅವುಗಳಲ್ಲಿ. ಒಂದು ಕಾಪಿ ಎಸ್‌ಎಸ್‌ಡಿಗೆ, ಇನ್ನೊಂದು ಹಾರ್ಡ್ ಡಿಸ್ಕ್‌ಗೆ, ಎರಡೂ ಕಾರ್ಡಿನಿಂದಲೇ ನೇರವಾಗಿ. ಮೊದಲ ಕಾಪಿಯಿಂದ ಎರಡನೆಯದನ್ನು ಮಾಡಿದರೆ ಅದರಲ್ಲಿನ ತಪ್ಪು ಇದಕ್ಕೂ ಬರುತ್ತದೆ.

ಬರೀ ಕಾಪಿ ಪೇಸ್ಟ್ ಸಾಲದು. ಕಾಪಿ ಮಾಡುವ ಟೆರಾಕಾಪಿ ಸಾಫ್ಟ್‌ವೇರಿನಲ್ಲಿ ‘ವೆರಿಫೈ’ ಆನ್ ಮಾಡಿಕೊಳ್ಳಿ. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್ ಇದ್ದರೆ ಮೀಡಿಯಾ ಪುಟದ ‘ಕ್ಲೋನ್ ಟೂಲ್’ ಕೂಡ ಚೆಕ್‌ಸಮ್ (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ) ತಾಳೆ ನೋಡಿಯೇ ಇಳಿಸುತ್ತದೆ. ಸೆಕೆಂಡಿಗೆ 90 ಎಂಬಿ ಓದುವ ರೀಡರ್‌ನಲ್ಲಿ 128 ಜಿಬಿ ಕಾರ್ಡಿಗೆ 24 ನಿಮಿಷ, ತಾಳೆ ನೋಡುವುದಕ್ಕೆ ಇನ್ನಷ್ಟು. ಎರಡು ಕಡೆಯೂ ಕೊನೆಯ ಕ್ಲಿಪ್ ತೆರೆದು ನೋಡಿದ ಮೇಲಷ್ಟೇ ಕಾರ್ಡ್ ಖಾಲಿ ಮಾಡಿ, ಅದನ್ನೂ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.

ಫೋಲ್ಡರ್ ಹೆಸರು ಇಸವಿಯಿಂದ ಶುರುವಾಗಲಿ: ಇಸವಿ, ತಿಂಗಳು, ದಿನ, ಆಮೇಲೆ ಊರು, ಕೆಲಸ. ಆಗ ಹೆಸರಿನ ಕ್ರಮವೇ ದಿನಾಂಕದ ಕ್ರಮವಾಗುತ್ತದೆ. ‘ರವಿ ಮದುವೆ ನ್ಯೂ’ ಅಂತಿಟ್ಟರೆ ಮುಂದಿನ ವರ್ಷಕ್ಕೆ ಮೂರು ರವಿಗಳಾಗಿರುತ್ತಾರೆ.

ಕ್ಯಾಶ್ ಎಲ್ಲಿರಬೇಕು, ಪ್ರಾಕ್ಸಿ ಎಷ್ಟಿರಬೇಕು

ಫುಟೇಜ್ ಎಲ್ಲ ಹೊರಗಿನ ಡ್ರೈವ್‌ನಲ್ಲೇ ಇದ್ದರೂ ಸಿ ಡ್ರೈವ್ ತುಂಬುತ್ತಿದೆ ಎಂದರೆ ಅದು ಕ್ಯಾಶ್. ಪ್ರೀಮಿಯರ್ ಪ್ರೊ ತಾನಾಗಿ ಮೀಡಿಯಾ ಕ್ಯಾಶ್ ಅನ್ನು ಸಿ ಡ್ರೈವ್‌ನ ಯೂಸರ್ ಫೋಲ್ಡರಿನೊಳಗೇ ಇಡುತ್ತದೆ. ಎಡಿಟ್, ಪ್ರಿಫರೆನ್ಸಸ್, ಮೀಡಿಯಾ ಕ್ಯಾಶ್‌ಗೆ ಹೋಗಿ ಜಾಗವನ್ನು ಎಸ್‌ಎಸ್‌ಡಿಗೆ ಬದಲಿಸಿ, ಅಲ್ಲೇ 30 ದಿನಕ್ಕಿಂತ ಹಳೆಯದನ್ನು ತಾನಾಗಿ ಅಳಿಸು ಎಂದು ಹೇಳಿ. ಪ್ರಿವ್ಯೂ ಫೈಲುಗಳ ಜಾಗವನ್ನು ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಸ್ಕ್ರ್ಯಾಚ್ ಡಿಸ್ಕ್ಸ್‌ನಲ್ಲಿ ಬೇರೆಯಾಗಿ ಹೇಳಬೇಕು. ರಿಸಾಲ್ವ್‌ನಲ್ಲಿ ಪ್ರಾಜೆಕ್ಟ್ ಸೆಟ್ಟಿಂಗ್ಸ್, ಮಾಸ್ಟರ್ ಸೆಟ್ಟಿಂಗ್ಸ್, ವರ್ಕಿಂಗ್ ಫೋಲ್ಡರ್ಸ್. ಕ್ಯಾಶ್ ಅನ್ನು ಹಾರ್ಡ್ ಡಿಸ್ಕ್‌ಗೆ ಮಾತ್ರ ತಳ್ಳಬೇಡಿ. ಅತಿ ಹೆಚ್ಚು ಓದು ಬರಹ ನಡೆಯುವುದೇ ಅಲ್ಲಿ.

ಪ್ರಾಕ್ಸಿ ಮಾಡುವಾಗ ಲೆಕ್ಕ ನೋಡಿ. 1080ಪಿ, 25 ಫ್ರೇಮ್‌ನ ಪ್ರೊರೆಸ್ ಪ್ರಾಕ್ಸಿ (ಪ್ರೊರೆಸ್ ಆಪಲ್‌ನ ಕೋಡೆಕ್) 38 ಎಂಬಿಪಿಎಸ್, ಅಂದರೆ ಗಂಟೆಗೆ 17 ಜಿಬಿ. ಕೈತಪ್ಪಿ 4ಕೆ ಪ್ರೊರೆಸ್ 422 ಎಚ್‌ಕ್ಯೂ ಆರಿಸಿದರೆ 737 ಎಂಬಿಪಿಎಸ್, ಗಂಟೆಗೆ 330 ಜಿಬಿ. ರಾತ್ರಿ ಹಾಕಿ ಮಲಗಿದವರು ಬೆಳಿಗ್ಗೆ ಎದ್ದು ‘ಡಿಸ್ಕ್ ಫುಲ್’ ನೋಡುವುದು ಹೀಗೆಯೇ.

ಎಸ್‌ಎಸ್‌ಡಿಯಲ್ಲಿ ಐದರಲ್ಲಿ ಒಂದು ಪಾಲು ಖಾಲಿ ಬಿಡಿ. ಪೆಟ್ಟಿಗೆಯ ಮೇಲಿನ ವೇಗ ಸಿಗುವುದು ಡ್ರೈವ್ ಒಳಗೇ ಇರುವ ವೇಗದ ಬರಹದ ಜಾಗ (ಇದನ್ನೂ ಕ್ಯಾಶ್ ಎನ್ನುತ್ತಾರೆ, ಎಡಿಟಿಂಗ್ ಕ್ಯಾಶ್ ಬೇರೆ) ತುಂಬುವವರೆಗೆ ಮಾತ್ರ. ಡ್ರೈವ್ ತುಂಬಿದಷ್ಟೂ ಆ ಕ್ಯಾಶ್ ಚಿಕ್ಕದಾಗುತ್ತದೆ, ದೊಡ್ಡ ಕಾಪಿಯ ನಡುವೆ ವೇಗ ಧೊಪ್ಪನೆ ಬೀಳುತ್ತದೆ. ಬಿಸಿಯಾದರೂ ಹಾಗೆಯೇ ಆಗುತ್ತದೆ. ಏಪ್ರಿಲ್ ಸೆಕೆಯಲ್ಲಿ ಲ್ಯಾಪ್‌ಟಾಪಿನ ಬಿಸಿಗಾಳಿ ಬರುವ ಕಿಂಡಿಯ ಎದುರು ಅದನ್ನು ಇಡಬೇಡಿ.

ಜಾಗ ಮಾಡುವ ಕ್ರಮ

ಫುಟೇಜ್ ಅಳಿಸುವುದು ಕೊನೆಯ ಮಾತು. ಮೊದಲು ರೀಸೈಕಲ್ ಬಿನ್. ಹೊರಗಿನ ಡ್ರೈವ್‌ಗೂ ತನ್ನದೇ ಬಿನ್ ಇರುತ್ತದೆ, ಡ್ರೈವ್ ಸಿಕ್ಕಿಸಿರುವಾಗ ಖಾಲಿ ಮಾಡಿದರೆ ಮಾತ್ರ ಅದು ಖಾಲಿಯಾಗುತ್ತದೆ. ಆಮೇಲೆ ರೆಂಡರ್ ಕ್ಯಾಶ್: ರಿಸಾಲ್ವ್‌ನಲ್ಲಿ ಪ್ಲೇಬ್ಯಾಕ್ ಮೆನುವಿನ ‘ಡಿಲೀಟ್ ರೆಂಡರ್ ಕ್ಯಾಶ್’, ಫೈನಲ್ ಕಟ್‌ನಲ್ಲಿ ಫೈಲ್ ಮೆನುವಿನ ‘ಡಿಲೀಟ್ ಜನರೇಟೆಡ್ ಲೈಬ್ರರಿ ಫೈಲ್ಸ್’, ಪ್ರೀಮಿಯರ್‌ನಲ್ಲಿ ಪ್ರಾಜೆಕ್ಟ್ ಮುಚ್ಚಿ ಮೀಡಿಯಾ ಕ್ಯಾಶ್ ಪುಟದ ‘ಡಿಲೀಟ್’. ಇದರಿಂದ ಮೂಲ ಫೈಲಿಗೆ ಏನೂ ಆಗುವುದಿಲ್ಲ, ಮುಂದಿನ ಸಲ ತೆರೆದಾಗ ಸ್ವಲ್ಪ ಹೊತ್ತು ಕಾಯಿಸುತ್ತದೆ ಅಷ್ಟೇ. ಮೂರನೆಯದು ಗಿರಾಕಿಗೆ ಕೊಟ್ಟು ಮುಗಿದ ಕೆಲಸಗಳ ಪ್ರಾಕ್ಸಿ, ‘ಫೈನಲ್’, ‘ಫೈನಲ್ 2’, ‘ಫೈನಲ್ ಲಾಸ್ಟ್’ ಎಂಬ ಎಕ್ಸ್‌ಪೋರ್ಟ್‌ಗಳು. ವಿಂಡೋಸ್ ಸೆಟ್ಟಿಂಗ್ಸ್‌ನ ಸ್ಟೋರೇಜ್‌ನಲ್ಲಿ ಟೆಂಪರರಿ ಫೈಲ್ಸ್ ಅಳಿಸುವಾಗ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಕೂಡ ಇರುತ್ತದೆ, ಅದರ ಟಿಕ್ ತೆಗೆದು ಮುಂದುವರಿಯಿರಿ.

ಇಷ್ಟಾದ ಮೇಲೆ ಫುಟೇಜ್. ಎಷ್ಟು ತಿಂಗಳು ಇಟ್ಟುಕೊಳ್ಳುತ್ತೀರಿ ಎಂಬುದನ್ನು ಅಡ್ವಾನ್ಸ್ ತೆಗೆದುಕೊಳ್ಳುವ ದಿನವೇ ಬಿಲ್ಲಿನಲ್ಲಿ ಬರೆದುಕೊಡಿ. ಅವಧಿ ಮುಗಿದ ಮೇಲೆ ಟೈಮ್‌ಲೈನಿಗೆ ಬಳಸಿದ ಕ್ಲಿಪ್‌ಗಳನ್ನಷ್ಟೇ ಬೇರೆ ಮಾಡಿ ಇಡಬಹುದು. ಪ್ರೀಮಿಯರ್‌ನ ಪ್ರಾಜೆಕ್ಟ್ ಮ್ಯಾನೇಜರ್, ರಿಸಾಲ್ವ್‌ನ ಮೀಡಿಯಾ ಮ್ಯಾನೇಜ್‌ಮೆಂಟ್ ಇರುವುದು ಇದಕ್ಕೇ. ಬಳಸದಿದ್ದರೂ ಅಜ್ಜ ಅಜ್ಜಿಯರಿರುವ ಕ್ಲಿಪ್‌ಗಳನ್ನು ಬಿಟ್ಟು ಅಳಿಸಿ. ವರ್ಷಗಳ ಮೇಲೆ ಫೋನ್ ಮಾಡುವ ಮನೆಯವರು ಕೇಳುವುದು ಹಾರ ಬದಲಿಸಿದ್ದನ್ನಲ್ಲ, ಅವರನ್ನು.

ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡುವ ಮುಂಚೆ ಒಂದು ಮಾತು. ರಿಸಾಲ್ವ್‌ನ ಪ್ರಾಜೆಕ್ಟ್‌ಗಳು ಫುಟೇಜ್ ಇರುವ ಡ್ರೈವ್‌ನಲ್ಲಿರುವುದಿಲ್ಲ, ಲ್ಯಾಪ್‌ಟಾಪಿನ ಒಳಗಿನ ಡೇಟಾಬೇಸಿನಲ್ಲಿರುತ್ತವೆ. ಪ್ರಾಜೆಕ್ಟ್ ಮ್ಯಾನೇಜರಿನಲ್ಲಿ ಪ್ರತಿಯೊಂದರ ಮೇಲೂ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಮಾಡಿಕೊಳ್ಳದಿದ್ದರೆ ಕ್ಲಿಪ್‌ಗಳು ಉಳಿಯುತ್ತವೆ, ಎಡಿಟ್ ಹೋಗುತ್ತದೆ.

ಕಣಜದ ಡ್ರೈವ್‌ಗಳ ಆರೈಕೆ

ಒಂದೇ ಫುಟೇಜಿನ ಕಾಪಿ ಇರುವ ಎರಡು ಹಾರ್ಡ್ ಡಿಸ್ಕ್ ಒಂದೇ ಬ್ಯಾಗಿನಲ್ಲಿದ್ದರೆ ಅದು ಒಂದೇ ಕಾಪಿ ಇದ್ದಂತೆ. ಒಂದು ಸ್ಟುಡಿಯೋದಲ್ಲಿರಲಿ, ಇನ್ನೊಂದು ಮನೆಯ ಬೀರುವಿನಲ್ಲಿ. ತಿರುಗುತ್ತಿರುವ ಡಿಸ್ಕನ್ನು ಎತ್ತಬೇಡಿ, ‘ಸೇಫ್ಲಿ ರಿಮೂವ್’ ಕೊಟ್ಟು, ತಿರುಗುವ ಸದ್ದು ನಿಂತ ಮೇಲೆ ಎತ್ತಿ. ‘ಡಿವೈಸ್ ಇನ್ ಯೂಸ್’ ಎಂದು ಹಟ ಹಿಡಿದರೆ ಎಡಿಟಿಂಗ್ ಸಾಫ್ಟ್‌ವೇರನ್ನೂ ತೆರೆದ ಫೋಲ್ಡರ್‌ಗಳನ್ನೂ ಮುಚ್ಚಿ. ಆಗಲೂ ಬಿಡದಿದ್ದರೆ ಕಂಪ್ಯೂಟರನ್ನೇ ಶಟ್‌ಡೌನ್ ಮಾಡಿ ತೆಗೆಯಿರಿ. ಅಡಾಪ್ಟರ್ ಬೇಡುವ 3.5 ಇಂಚಿನ ಡಿಸ್ಕ್ ಆದರೆ ಅದನ್ನೂ ಯುಪಿಎಸ್‌ಗೆ ಹಾಕಿ. ಕಂಪ್ಯೂಟರಿಗೆ ಮಾತ್ರ ಯುಪಿಎಸ್ ಕೊಟ್ಟು ಡಿಸ್ಕನ್ನು ಗೋಡೆಯ ಪ್ಲಗ್‌ಗೆ ಬಿಟ್ಟರೆ ಕರೆಂಟ್ ಹೋದಾಗ ಪೆಟ್ಟು ತಿನ್ನುವುದು ಡಿಸ್ಕೇ.

ತಿಂಗಳಿಗೊಮ್ಮೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆಯಿರಿ. ನೀಲಿ ಇದ್ದದ್ದು ಹಳದಿಯಾಗಿ ‘ಕಾಷನ್’ ಎಂದರೆ, ಅದರಲ್ಲೂ ಪೆಂಡಿಂಗ್ ಸೆಕ್ಟರ್ (ಸರಿಯಾಗಿ ಓದಲಾಗದೆ ಅನುಮಾನಕ್ಕೆ ಬಿದ್ದ ಜಾಗ) ಲೆಕ್ಕ ಏರುತ್ತಿದ್ದರೆ, ಅವತ್ತೇ ಎಲ್ಲವನ್ನೂ ಬೇರೆಡೆಗೆ ಇಳಿಸಿ. ಟಕ್ ಟಕ್ ಸದ್ದು ಶುರುವಾಗಿದ್ದರೆ ಚೆಕ್ ಡಿಸ್ಕ್ ಓಡಿಸುವುದೂ ಬೇಡ, ಮತ್ತೆ ಮತ್ತೆ ಸಿಕ್ಕಿಸಿ ನೋಡುವುದೂ ಬೇಡ. ಹಾಳಾದ ಹೆಡ್ ಪ್ರತಿ ಸುತ್ತಿಗೂ ಪ್ಲೇಟನ್ನು ಕೆರೆಯುತ್ತಿರಬಹುದು. ತೆಗೆದಿಟ್ಟು ಡೇಟಾ ರಿಕವರಿಯವರಿಗೆ ಕೊಡಿ. ಕೈತಪ್ಪಿ ಫೈಲ್ ಅಳಿಸಿದ್ದರೆ ಹಾರ್ಡ್ ಡಿಸ್ಕ್‌ನಲ್ಲಿ ಹೊಸದೇನೂ ಬರೆಯದೆ ರಿಕವರಿ ಸಾಫ್ಟ್‌ವೇರ್ ಓಡಿಸಿದರೆ ಸಿಗುವ ಸಾಧ್ಯತೆ ಉಂಟು. ಎಸ್‌ಎಸ್‌ಡಿಯಲ್ಲಿ ಟ್ರಿಮ್ (ಅಳಿಸಿದ ಫೈಲಿನ ಜಾಗವನ್ನು ಡ್ರೈವ್ ಒಳಗಿಂದಲೇ ಖಾಲಿ ಮಾಡಿಕೊಳ್ಳುವ ಕೆಲಸ) ನಡೆದುಬಿಟ್ಟಿದ್ದರೆ ಹೋಯಿತೆಂದೇ ಲೆಕ್ಕ. ಮುಗಿದ ಕೆಲಸವನ್ನು ಎಸ್‌ಎಸ್‌ಡಿಯಲ್ಲೇ ಬಿಟ್ಟು ವರ್ಷಗಟ್ಟಲೆ ಬೀರುವಿನಲ್ಲಿ ಇಡುವುದೂ ಬೇಡ, ಕರೆಂಟ್ ಕಾಣದ ಚಿಪ್‌ನಲ್ಲಿ ಚಾರ್ಜ್ ಮೆಲ್ಲಗೆ ಸೋರುತ್ತದೆ. ಹಾರ್ಡ್ ಡಿಸ್ಕನ್ನೂ ಕೆಲವು ತಿಂಗಳಿಗೊಮ್ಮೆ ಸಿಕ್ಕಿಸಿ ನಾಲ್ಕು ಫೈಲ್ ತೆರೆದು ನೋಡಿ, ಕೊಂಡ ತಿಂಗಳು ಮತ್ತು ಇಸವಿಯನ್ನು ಮಾರ್ಕರ್‌ನಲ್ಲಿ ಅದರ ಬೆನ್ನ ಮೇಲೆ ಬರೆದಿಡಿ.